ಐವತ್ತಮೂರರ ತಂಡ, ಇದ್ದದ್ದು ಇದ್ದ ಹಾಗೆ

ಕಾಬೆಟ್ ಫಾಲ್ಸ್, ಮೇನ್
ಏಪ್ರಿಲ್ ೨೨, ೧೯೭೯

ಪ್ರೀತಿಯ ತಮ್ಮ ಆಲ್ಟನ್‌ಗೆ,

ಅಕ್ಕ ಬದುಕಿದ್ದಾಳೆ, ಗಾಬರಿಯಾಗಬೇಡ. ಕ್ರಿಸ್‌ಮಸ್ಸಿಗೆ ನೀವಿಬ್ಬರೂ ಕಳಿಸಿದ ಕಿತ್ತಳೆಯ ಪೆಟ್ಟಿಗೆ ಬಂತು, ಹಣ್ಣು ಮುಗಿಯಿತು, ಪೆಟ್ಟಿಗೆಯಲ್ಲಿ ಈಗ ಬಿತ್ತನೆಯ ಆಲೂಗಡ್ಡೆ ಮೊಳಕೆ ಬಿಡುತ್ತಾ ಕೂತಿದೆ. ನನ್ನ ಧನ್ಯವಾದ ಮಾತ್ರ ಈಗ ಹೊರಟಿದೆ. ಆರ್ಡಿತ್ ಏನೆಂದುಕೊಂಡಳೋ! ನಿನ್ನ ಹೆಂಡತಿಗೆ ಹೇಳು, ಅತ್ತಿಗೆಗೆ ಮರ್ಯಾದೆ ಗೊತ್ತಿಲ್ಲ ಅಂತಲ್ಲ, ಕೆಲಸದಲ್ಲಿ ಮುಳುಗಿದ್ದಳು ಅಂತ.

ಇಲ್ಲಿ ಹಿಮ ಕರಗಿ ಊರೆಲ್ಲ ಕೆಸರು. ನಿಮ್ಮ ಬೇಸ್‌ಬಾಲ್ ತಂಡದಲ್ಲಿ ಒಂದನೆಯ ಬೇಸು ಕಾಯುತ್ತಿದ್ದ ಹ್ಯಾಸ್ಕೆಲ್ ಈಗ ಫೈರ್ ಸ್ಟೇಷನ್ನಿನ ಯಜಮಾನ, ಗೊತ್ತಲ್ಲ. ಊರನ್ನೆಲ್ಲ ಕಾಪಾಡಬೇಕಾದವನ ಟ್ರಕ್ಕೇ ನಮ್ಮ ಗಲ್ಲಿಯ ತಿರುವಿನಲ್ಲಿ ಎರಡು ದಿನ ಹೂತುಕೊಂಡಿತ್ತು. ಪೇಪರ್ ಮಿಲ್ಲಿನ ವಾಸನೆ ಹಾಗೇ ಇದೆ. ನಿನ್ನ ಫ್ಲೋರಿಡಾದ ಬಿಸಿಲಿನಲ್ಲಿ ಕೂತವನಿಗೆ ಇದೆಲ್ಲ ಎಲ್ಲಿ ನೆನಪಿರಬೇಕು.

ಕೆಲಸ ಅಂದೆನಲ್ಲ, ಅದು ಏನೆಂದರೆ ಆಟ. ನಗಬೇಡ. ನಿಮ್ಮ ಕ್ಯಾಚರ್ ರೇಯಲ್ ಸೀರ್ ಈಗ ಕ್ಷೌರದಂಗಡಿ ಇಟ್ಟಿದ್ದಾನೆ. ಹೊಟ್ಟೆ ಬೆಳೆದಿದೆ, ಬಾಯಿ ಅಂದಿನದೇ. ಅವನು ಹೋದ ಅಕ್ಟೋಬರಿನಲ್ಲಿ ಒಂದು ಪೆಟ್ಟಿಗೆ ಎತ್ತಿಕೊಂಡು ಬಂದ. ಬೇಸ್‌ಬಾಲನ್ನು ಮೇಜಿನ ಮೇಲೆ ಆಡುವ ಆಟ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು. ದಾಳ ಹಾಕಿದರೆ ಒಂದು ಸಂಖ್ಯೆ ಬೀಳುತ್ತದೆ, ಅವನ ಕಾರ್ಡಿನಲ್ಲಿ ಆ ಸಂಖ್ಯೆಯ ಎದುರು ಏನು ಬರೆದಿದೆಯೋ ಅದು ನಡೆದ ಹಾಗೆ. ಹಿಟ್ ಅಂದರೆ ಹಿಟ್, ಔಟ್ ಅಂದರೆ ಔಟ್. ಕಾರ್ಡನ್ನು ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ಆ ಮನುಷ್ಯ ಆ ಒಂದು ವರ್ಷದಲ್ಲಿ ನಿಜವಾಗಿ ಎಷ್ಟು ಹೊಡೆದ, ಎಷ್ಟು ಹಿಡಿದ, ಎಷ್ಟು ಕೈಬಿಟ್ಟ, ಅದರ ಲೆಕ್ಕದಿಂದಲೇ ಬರೆಯಬೇಕು. ಪೆಟ್ಟಿಗೆಯಲ್ಲಿ ಬಂದದ್ದು ದೊಡ್ಡ ದೊಡ್ಡ ಊರುಗಳ ಹಳೆಯ ತಂಡಗಳು. ರೇಯಲ್ ಒಂದು ವಾರ ಆಡಿದ, ಬೇಜಾರಾಯಿತು. "ಈ ನ್ಯೂಯಾರ್ಕಿನೋರು ಯಾರಿಗ್ ಬೇಕು ವರ್ನಾ? ನಮ್ಮೋರನ್ನ ಮಾಡು. ಅಷ್ಟು ವರ್ಷ ಮೈದಾನದಲ್ಲಿ ಕೂತು ಸ್ಕೋರ್ ಬರ್ದೋಳು ನೀನೇ ತಾನೆ?" ಎಂದ.

ಅಷ್ಟು ಹೇಳಿದ್ದೇ ಸಾಕಾಯಿತು ನನಗೆ. ಜನವರಿಯಿಂದ ನನ್ನ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ಹಳೆಯ ಸ್ಕೋರುಗಳನ್ನೆಲ್ಲ ಅಟ್ಟದಿಂದ ಇಳಿಸಿ, ಪ್ರತಿಯೊಬ್ಬರ ಪ್ರತಿ ಹಿಟ್ಟನ್ನೂ ಕೂಡಿಸಿ, ಭಾಗಿಸಿ, ಕಾರ್ಡಿಗೆ ಇಳಿಸಿದೆ. ಯಾವ ವರ್ಷದ ತಂಡ ಅಂತ ಕೇಳಬೇಕಾಗೇ ಇಲ್ಲ. ಪಕ್ಕದ ಊರು ಹಾರ್ಲೋದವರನ್ನು ಅವರ ಮೈದಾನದಲ್ಲೇ ಬಗ್ಗುಬಡಿದು ಕಪ್ಪು ಗೆದ್ದ ಐವತ್ತಮೂರರದು. ರೇಯಲ್‌ಗೆ ಅವನ ಕಾರ್ಡು ಕೊಟ್ಟಾಗ ಆ ಮುಖ ನೀನು ನೋಡಬೇಕಿತ್ತು. ಓಟದಲ್ಲಿ ಅವನಿಗೆ ಅತಿ ಕೆಳಗಿನ ದರ್ಜೆ. "ನಾನು ಅಷ್ಟೊಂದು ನಿಧಾನಾನಾ?" ಎಂದ. "ನಿಮ್ಮಮ್ಮ ಬಟ್ಟೆ ಒಗ್ದು ಹರವಿ ಬರೋ ಹೊತ್ತಿಗೆ ನೀನು ಒಂದನೇ ಬೇಸು ಮುಟ್ತಿದ್ದೆ" ಎಂದೆ. ಒಪ್ಪಿಕೊಂಡ, ಪಾಪ.

ಒಂದು ತಮಾಷೆ ಕೇಳು. ಪಾದ್ರಿ ಟಟಲ್ ನೆನಪಿದ್ದಾರಾ? ಆ ವರ್ಷ ಯಾರದೋ ಹೆಂಡತಿಗೆ ಹೆರಿಗೆ ಅಂತ ಆಳು ಕಡಿಮೆ ಬಿದ್ದು, ಪ್ರಾರ್ಥನೆ ಮುಗಿಸಿ ಹೊರಬಂದವರನ್ನು ಹಾಗೇ ಎಳೆದುಕೊಂಡು ಹೋಗಿ ಮೈದಾನಕ್ಕೆ ಇಳಿಸಿದ್ದಿರಿ. ಎರಡು ಸಲ ಬ್ಯಾಟು ಹಿಡಿದರು, ಕಣ್ಣು ಮುಚ್ಚಿಕೊಂಡು ಎರಡು ಹಿಟ್ಟು ಹೊಡೆದರು, ಆಮೇಲೆ ಜನ್ಮದಲ್ಲಿ ಬ್ಯಾಟು ಮುಟ್ಟಲಿಲ್ಲ. ಅವರ ಕಾರ್ಡು ಮಾಡಿದರೆ ಯಾವ ಸಂಖ್ಯೆ ಬಿದ್ದರೂ ಹಿಟ್ಟೇ! ಲೆಕ್ಕದ ಪ್ರಕಾರ ಅವರಂಥ ಆಟಗಾರ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ. ರೇಯಲ್ ಪ್ರತಿ ಸಲವೂ "ಪಾದ್ರಿನ ಇಳ್ಸು, ಪಾದ್ರಿನ ಇಳ್ಸು" ಅಂತ ಕುಣಿಯತೊಡಗಿದ. ಕೊನೆಗೆ ಕಟ್ಟಳೆ ಮಾಡಿದೆವು. ಆ ವರ್ಷ ನಿಜವಾಗಿ ಎಷ್ಟು ಆಡಿದ್ದರೋ ಅಷ್ಟೇ ಆಡಬೇಕು. ಪಾದ್ರಿಗಳಿಗೆ ವರ್ಷಕ್ಕೆ ಎರಡೇ ಸಲ ಬ್ಯಾಟು.

ಈಗ ವಿಷಯಕ್ಕೆ ಬರುತ್ತೇನೆ. ಹಾರ್ಲೋದವರಿಗೂ ಹುಚ್ಚು ಹತ್ತಿ ಅವರೂ ತಮ್ಮ ಹಳೆಯ ತಂಡದ ಕಾರ್ಡು ಮಾಡಿಕೊಂಡಿದ್ದಾರೆ. ಸೆಪ್ಟೆಂಬರಿನ ಮೊದಲ ಸೋಮವಾರ, ಕಾರ್ಮಿಕರ ದಿನದ ರಜೆಗೆ, ಫೈರ್ ಸ್ಟೇಷನ್ನಿನ ಹಾಲ್‌ನಲ್ಲಿ ಆಟ. ಬದುಕಿರುವವರು ತಮ್ಮ ತಮ್ಮ ಕಾರ್ಡಿಗೆ ತಾವೇ ದಾಳ ಹಾಕಬೇಕು, ಹೋದವರ ದಾಳವನ್ನು ಅವರ ಮನೆಯವರು ಹಾಕಬೇಕು ಅಂತ ಮಾಡಿಕೊಂಡಿದ್ದೇವೆ. ನೀನು ಬರಲೇಬೇಕು. ಅಮ್ಮನ ಮಣ್ಣಿಗೆ ಬಂದು ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ. ಆರ್ಡಿತ್‌ಳನ್ನೂ ಕರೆದುಕೊಂಡು ಬಾ. ಶನಿವಾರ ಬೀನ್ಸ್ ಬೇಯಿಸುತ್ತೇನೆ, ಅಮ್ಮನ ಮಡಕೆಯಲ್ಲೇ.

ನಿನ್ನ ಕಾರ್ಡಿನ ನಕಲು ಇದರೊಳಗಿದೆ. ನೋಡಿ ಮುಖ ಸಿಂಡರಿಸಬೇಡ. ಆ ವರ್ಷ ಮೇ ತಿಂಗಳಲ್ಲಿ ದಿಮ್ಮಿ ಜಾರಿ ನಿನ್ನ ಎಡ ಭುಜದ ಕೀಲು ತಪ್ಪಿತ್ತಲ್ಲ? ಡಾಕ್ಟರು ಬೇಡವೆಂದರೂ ಇಳಿದೆ. ಬ್ಯಾಟು ಬೀಸಲು ಆ ಭುಜ ಬಿಡುತ್ತಿರಲಿಲ್ಲ. ನೂರು ಸಲಕ್ಕೆ ಹತ್ತೊಂಬತ್ತು ಹಿಟ್ಟು. ಆದರೆ ಎರಡನೆಯ, ಮೂರನೆಯ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಚೆಂಡು ಹಿಡಿಯುವುದರಲ್ಲಿ ನಿನ್ನದು ಮೊದಲ ದರ್ಜೆ. ಇಡೀ ತಂಡದಲ್ಲಿ ಆ ದರ್ಜೆ ಇನ್ನೊಬ್ಬನಿಗೆ ಮಾತ್ರ ಕೊಟ್ಟಿದ್ದೇನೆ.

ನಿನ್ನ ಅಕ್ಕ,
ವರ್ನಾ


ಕಾಬೆಟ್ ಫಾಲ್ಸ್
ಜೂನ್ ೧೭

ಆಲ್ಟನ್,

ನಿನ್ನ ಕಾಗದ ಬಂತು. ಉತ್ತರ ತಡವಾದದ್ದು ಈ ಸಲ ಬೇಕಂತಲೇ. ಬಿಸಿ ಬಿಸಿಯಲ್ಲಿ ಬರೆದಿದ್ದರೆ ಅಂಚೆಯವನ ಚೀಲ ಸುಟ್ಟುಹೋಗುತ್ತಿತ್ತು. ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಆಲೂಗಡ್ಡೆ ಎದ್ದಿದೆ, ಕಪ್ಪು ನೊಣದ ಕಾಟ ಮುಗಿಯಿತು, ನನ್ನ ಮೊಣಕಾಲು ಸುಮಾರಾಗಿದೆ.

ಇನ್ನು ನಿನ್ನ ಕಾಗದ. "ಆ ವರ್ಷ ನಾನು ನೂರಕ್ಕೆ ಮೂವತ್ತೇಳು ಹೊಡ್ದಿದ್ದೀನಿ. ನಿನ್ ಲೆಕ್ಕ ತಪ್ಪು. ಸರಿ ಮಾಡು, ಇಲ್ದಿದ್ರೆ ನಾನು ಬರೋಲ್ಲ." ಇದು ಬೇರೆ: "ಒಂದೇ ವರ್ಷ ಆಡಿ ಹೋದ ಆ ಡುಬೇಗೆ ಕಾರ್ಡು ಮಾಡ್ತೀಯ, ಒಂಬತ್ತು ವರ್ಷ ಆಡಿದ ತಮ್ಮನ ಮಾನ ತೆಗೀತೀಯ." ಅಯ್ಯೋ ಮಾರಾಯ! ನೂರಕ್ಕೆ ಮೂವತ್ತೇಳು ನೀನು ಹೊಡೆದದ್ದು ಹೌದು. ಐವತ್ತೊಂದರಲ್ಲಿ. ಭುಜ ನೆಟ್ಟಗಿದ್ದಾಗ. ಆ ವರ್ಷ ನಾವು ನಾಲ್ಕನೆಯ ಜಾಗದಲ್ಲಿದ್ದೆವು, ಕಪ್ಪು ಬಂದದ್ದು ಎರಡು ವರ್ಷದ ಮೇಲೆ. ನೀನು ಐವತ್ತೊಂದರ ಬ್ಯಾಟನ್ನು ಐವತ್ತಮೂರರ ಅಂಗಿಗೆ ಸೇರಿಸಿ ಹೊಲಿದುಬಿಟ್ಟಿದ್ದೀಯ.

ನೀನು ಸುಳ್ಳು ಹೇಳುತ್ತಿದ್ದೀಯ ಅಂತ ನಾನು ಹೇಳುವುದಿಲ್ಲ. ಆರ್ಡಿತ್ ನಿನಗೆ ಗೊತ್ತಿಲ್ಲದ ಹಾಗೆ ಫೋನು ಮಾಡಿದ್ದಳು. ಅವಳ ಮೇಲೆ ರೇಗಬೇಡ. "ವರ್ನಾ, ನಾನು ಇವರನ್ನ ಮದ್ವೆ ಆದಾಗಿಂದ ಇದೇ ಕಥೆ ಕೇಳಿದ್ದೀನಿ. ಕಪ್ ಗೆದ್ದ ವರ್ಷ, ನೂರಕ್ಕೆ ಮೂವತ್ತೇಳು. ನಮ್ಮ ಕಾಲೋನೀಲಿ ಎಲ್ಲರಿಗೂ ಬಾಯಿಪಾಠ. ನನ್ನ ಅಣ್ಣ ಬೇರೆ ಜೊತೆಗೆ ಬರ್ತೀನಿ ಅಂತ ಕೂತಿದ್ದಾನೆ. ಅಲ್ಲಿಗ್ ಬಂದು ಎಲ್ಲರ ಮುಂದೆ ಹತ್ತೊಂಬತ್ತು ಅಂದ್ರೆ ಇವರು ತಲೆ ಎತ್ತೋದು ಹೇಗೆ?" ಎಂದಳು. ಅವಳ ಧ್ವನಿ ಕೇಳಿ ನನಗೆ ಪಾಪ ಅನ್ನಿಸಿತು, ಆಲ್ಟನ್. ನಿನ್ನ ಮೇಲೂ ಅನ್ನಿಸಿತು. ಅಷ್ಟು ವರ್ಷ ಹೇಳಿದ ಮೇಲೆ ನಿನಗೇ ಅದು ನಿಜವಾಗಿಬಿಟ್ಟಿದೆ.

ಆದರೂ ಬದಲಾಯಿಸುವುದಿಲ್ಲ ಎಂದೆ. ತಂಡ ಅಂದರೆ ಒಂದು ವರ್ಷ. ಅವನ ಒಂದು ವರ್ಷ, ಇವನ ಇನ್ನೊಂದು ವರ್ಷ ಹೆಕ್ಕಿ ತಂದು ಸೇರಿಸಿದರೆ ಅದು ತಂಡವಲ್ಲ, ಜಾತ್ರೆ.

ಹೋದ ಗುರುವಾರ ಫೈರ್ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಿದ್ದೆವು. ರೇಯಲ್ ನಿನ್ನ ವಕೀಲಿಕೆ ವಹಿಸಿದ್ದ.

"ಆಲ್ಟನ್ ಬರ್ದೇ ಇದ್ರೆ ಮಜಾನೇ ಇಲ್ಲ. ಏನ್ ಹೋಗುತ್ತೆ ವರ್ನಾ ನಿನ್ ಗಂಟು? ಐವತ್ತೊಂದರ ಕಾರ್ಡು ಮಾಡ್ಕೊಡು, ಬರ್ತಾನೆ."

"ಐವತ್ತೊಂದರಲ್ಲಿ ನಾಲ್ಕನೇ ಜಾಗದಲ್ಲಿದ್ವಿ ಕಣಯ್ಯಾ."

"ಅದು ಯಾರಿಗ್ ನೆನಪಿದೆ?"

"ನನಗೆ."

ಹ್ಯಾಸ್ಕೆಲ್ ಮೆತ್ತಗಿನ ಮನುಷ್ಯ, ಜಗಳ ಅಂದರೆ ಆಗುವುದಿಲ್ಲ. "ಒಂದ್ ಕೆಲ್ಸ ಮಾಡೋಣ. ಆಲ್ಟನ್‌ಗೊಬ್ಬನಿಗೇ ಕೊಟ್ರೆ ಬೇರೆಯೋರಿಗೆ ಅನ್ಯಾಯ. ಎಲ್ಲರದ್ದೂ ಅವರವರ ಒಳ್ಳೇ ವರ್ಷ ತಗೊಂಡ್ರಾಯ್ತು" ಎಂದ. ಎಲ್ಲರ ಕಣ್ಣೂ ಅರಳಿದವು. ಗಂಡಸರು ಎಷ್ಟು ಬೇಗ ಮಕ್ಕಳಾಗುತ್ತಾರೆ ನೋಡು.

"ಹಾಗಾದ್ರೆ ಲೂಸಿಯನ್ ಡುಬೇ?" ಎಂದು ಕೇಳಿದೆ.

ರೇಯಲ್ ಭುಜ ಕುಣಿಸಿದ. "ಅವನ್ಗಿರೋದೇ ಒಂದ್ ವರ್ಷ, ಅದ್ರಲ್ಲೂ ಹೊಡೀತಿರ್ಲಿಲ್ಲ. ಕೈಬಿಡೋಣ. ಎರಡನೇ ಬೇಸಿಗೆ ನಲವತ್ತೊಂಬತ್ತರಿಂದ ಯಾರನ್ನಾದ್ರೂ ತಂದ್ರಾಯ್ತು. ಪಾಪ, ಅವನ್ ಕಡೆಯೋರು ಕೇಳೋಕ್ ಬರ್ತಾರಾ?"

ಬರುವುದಿಲ್ಲ, ನಿಜ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗುತ್ತಿದ್ದ ಅವನ ಟ್ರಕ್ಕು ಹಿಮಗಡ್ಡೆ ಒಡೆದು ಅವನ ಸಮೇತ ಮುಳುಗಿದ ವರ್ಷವೇ ಅವನ ತಾಯಿ ತಂದೆ ಕ್ವಿಬೆಕ್‌ಗೆ ವಾಪಸು ಹೋದರು. ಊರಿನಲ್ಲಿ ಅವನ ಹೆಸರು ಹೇಳುವವರು ಯಾರೂ ಉಳಿದಿಲ್ಲ. ಕೈ ಎತ್ತಿ ಅಂದರು, ಎಲ್ಲರೂ ಎತ್ತಿದರು. ನಾನೊಬ್ಬಳೇ ಎತ್ತಲಿಲ್ಲ. "ಸರಿಯಪ್ಪಾ, ಬರ್ಕೊಳ್ಳಿ" ಎಂದು ಪೆನ್ಸಿಲನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಹಿಂದಿನಿಂದ ರೇಯಲ್ "ಅಯ್ಯೋ, ಕಾಫಿ ಕುಡ್ಕೊಂಡ್ ಹೋಗೇ" ಎಂದು ಕೂಗುತ್ತಿದ್ದ. ಅವನ ಕಾಫಿ ಅವನ ತಲೆಗೆ ಹಾಕಿಕೊಳ್ಳಲಿ.

ಅಂದರೆ ನೀನು ಗೆದ್ದೆ. ನಿನಗೆ ಬೇಕಾದ ಕಾರ್ಡು ಅವರು ಮಾಡುತ್ತಾರೆ. ನಾನಂತೂ ಮಾಡುವುದಿಲ್ಲ.

ಆರ್ಡಿತ್‌ಗೆ ನನ್ನ ಪ್ರೀತಿ. ನಿನಗೆ ಸದ್ಯಕ್ಕೆ ಅರ್ಧ.

ವರ್ನಾ


ಕಾಬೆಟ್ ಫಾಲ್ಸ್
ಆಗಸ್ಟ್ ೧೨

ಪ್ರೀತಿಯ ಆಲ್ಟನ್,

ತಡವಾಯಿತು, ಕ್ಷಮಿಸು. ಈ ಸಲ ಕಾರಣ ಒಳ್ಳೆಯದು. ನಿನ್ನ ಅಕ್ಕ ಗೆದ್ದಳು, ಗೆದ್ದವರಿಗೆ ಪುರುಸೊತ್ತು ಇರುವುದಿಲ್ಲ.

ನಡೆದದ್ದು ಕೇಳು. ನಾನು ಪೆನ್ಸಿಲು ಇಟ್ಟು ಬಂದ ಮೇಲೆ ಗಂಡಸರೆಲ್ಲ ಸೇರಿ ತಮ್ಮ ತಮ್ಮ ಒಳ್ಳೆಯ ವರ್ಷ ಹುಡುಕಿಕೊಂಡರು. ಸ್ಕೋರುಗಳನ್ನು ನಾನೇ ಕೊಟ್ಟು ಕಳಿಸಿದೆ, ನಾನೇನು ಸಣ್ಣಬುದ್ಧಿಯವಳಲ್ಲ. ಒಬ್ಬ ನಲವತ್ತೆಂಟಕ್ಕೆ ಹೋದ, ಒಬ್ಬ ಐವತ್ತಾರಕ್ಕೆ ಜಿಗಿದ. ರೇಯಲ್ ತನ್ನ ಓಟಕ್ಕೆ ಎರಡು ದರ್ಜೆ ಏರಿಸಿಕೊಂಡ. ಅವನ ಜನ್ಮದಲ್ಲಿ ಅಂಥ ವರ್ಷ ಇರಲಿಲ್ಲ, ಯಾವ ವರ್ಷದಿಂದ ತಂದನೋ ದೇವರಿಗೇ ಗೊತ್ತು. ಜುಲೈನಲ್ಲಿ ಹಾರ್ಲೋದವರನ್ನು ಕರೆಸಿ ಒಂದು ಅಭ್ಯಾಸದ ಆಟ ಆಡಿದರು. ನಮ್ಮವರು ಇಪ್ಪತ್ತೆರಡು, ಹಾರ್ಲೋ ಒಂದು. ನಿನ್ನ ಐವತ್ತೊಂದರ ಕಾರ್ಡು ನಾಲ್ಕು ಹಿಟ್ಟು ಹೊಡೆಯಿತಂತೆ.

ನಾನು ಹೋಗಿರಲಿಲ್ಲ. ಹ್ಯಾಸ್ಕೆಲ್‌ನ ಹೆಂಡತಿ ಹೇಳಿದಳು, ಮೊದಲ ಅರ್ಧ ಗಂಟೆ ಗಲಾಟೆಯೋ ಗಲಾಟೆ, ಆಮೇಲೆ ಒಬ್ಬೊಬ್ಬರೇ ಎದ್ದು ಸಿಗರೇಟಿಗೆ ಹೋದರಂತೆ. ಹಾರ್ಲೋದ ಮುದುಕನೊಬ್ಬ ಕಾರ್ಡುಗಳನ್ನು ತಿರುವಿ ಹಾಕಿ, "ಇದ್ಯಾವ ತಂಡಾನಪ್ಪಾ? ನಾವ್ ಇವರ ಮೇಲೆ ಯಾವತ್ತೂ ಆಡಿಲ್ವಲ್ಲ" ಎಂದನಂತೆ.

ಮಾರನೆಯ ಬೆಳಿಗ್ಗೆ ರೇಯಲ್, ಹ್ಯಾಸ್ಕೆಲ್ ಇಬ್ಬರೂ ನನ್ನ ಬಾಗಿಲಲ್ಲಿ. ಕೈಯಲ್ಲಿ ಒಂದು ಪೊಟ್ಟಣ ಡೋನಟ್ಟು.

"ಏನ್ರಪ್ಪಾ, ಇಪ್ಪತ್ತೆರಡು ರನ್ನಿನೋರು?" ಎಂದೆ.

"ಸಾಯ್ಸಬೇಡ ವರ್ನಾ," ಎಂದ ರೇಯಲ್. "ನಾನು ಎರಡನೇ ಬೇಸಿಗೆ ಕದ್ದು ಓಡ್ದೆ. ಸಿಕ್ಕಿ ಬೀಳ್ಲೇ ಇಲ್ಲ. ನನಗೇ ನಾಚಿಕೆ ಆಯ್ತು."

ಹ್ಯಾಸ್ಕೆಲ್ ಟೋಪಿ ತಿರುಗಿಸುತ್ತಾ ನಿಂತಿದ್ದ. "ಅದು ನಾವಲ್ಲ ವರ್ನಾ. ನಾವು ಹಾಗೆ ಗೆದ್ದೋರಲ್ಲ. ಒಂದೊಂದ್ ರನ್ನಿಗೂ ಒದ್ದಾಡ್ದೋರು. ನಮ್ಮನ್ನ ವಾಪಸ್ ಕೊಡು" ಎಂದ.

ಡೋನಟ್ಟು ತೆಗೆದುಕೊಂಡು ಒಳಗೆ ಕರೆದೆ. ಬಯ್ಯಲು ಮನಸ್ಸೇ ಬರಲಿಲ್ಲ. ಸರಿ, ಸ್ವಲ್ಪ ಬೈದೆ.

ಹೋದ ಭಾನುವಾರ ಮತ್ತೆ ಹಾರ್ಲೋದವರ ಜೊತೆ ಆಡಿದೆವು, ಐವತ್ತಮೂರರ ತಂಡ, ಇದ್ದದ್ದು ಇದ್ದ ಹಾಗೆ. ನೀನಿಲ್ಲದ್ದಕ್ಕೆ ನಿನ್ನ ದಾಳವನ್ನು ಹ್ಯಾಸ್ಕೆಲ್ ಹಾಕಿದ. ಲೂಸಿಯನ್‌ನ ಕಾರ್ಡು ಬಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಅವನ ಮನೆಯವರು ಇಲ್ಲವಲ್ಲ. "ನೀನೇ ಹಾಕ್ಬಿಡು ವರ್ನಾ, ಸ್ಕೋರ್ ಬರೆಯೋಳು ಎಲ್ಲರಿಗೂ ಸೇರ್ದೋಳು" ಎಂದರು. ಹಾಕಿದೆ. ಔಟ್. ಮುಂದಿನ ಸಲವೂ ಔಟ್. ರೇಯಲ್, "ಇದ್ದಾಗ್ಲೂ ಹಿಂಗೇ, ಹೋದ್ಮೇಲೂ ಹಿಂಗೇ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನದೂ ಅದೇ ಹಾಡು. ಔಟ್, ಔಟ್, ಮತ್ತೆ ಔಟ್. ಆದರೆ ಕೊನೆಯ ಪಾಳಿಯಲ್ಲಿ ನಾವು ಒಂದೇ ರನ್ನು ಮುಂದಿದ್ದೆವು, ಹಾರ್ಲೋದವರು ಮೂರು ಬೇಸಿನಲ್ಲೂ ತುಂಬಿಕೊಂಡಿದ್ದರು, ಒಬ್ಬ ಮಾತ್ರ ಔಟಾಗಿದ್ದ. ಅವರ ದಾಳ ಬಿತ್ತು. ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ, ಎಂದಿತು ಕಾರ್ಡು. ಅಂದರೆ ನಿನ್ನ ಕಡೆಗೆ. ಹಿಡಿಯುತ್ತಾನೋ ಬಿಡುತ್ತಾನೋ ಅನ್ನುವುದಕ್ಕೆ ಇನ್ನೊಂದು ದಾಳ ಹಾಕಬೇಕು, ಅದನ್ನು ಆಟಗಾರನ ದರ್ಜೆಯ ಜೊತೆ ನೋಡಬೇಕು. ನಿನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಆ ಸಂಖ್ಯೆಗೆ ಚೆಂಡು ಕೈತಪ್ಪಿ ಹೋಗುತ್ತಿತ್ತು. ಮೊದಲ ದರ್ಜೆಯವನಿಗೆ ಮಾತ್ರ ಸಿಗುತ್ತಿತ್ತು. ಸಿಕ್ಕಿತು! ನಿನ್ನಿಂದ ಲೂಸಿಯನ್‌ಗೆ, ಲೂಸಿಯನ್‌ನಿಂದ ಹ್ಯಾಸ್ಕೆಲ್‌ಗೆ. ಒಂದೇ ಚೆಂಡಿಗೆ ಇಬ್ಬರು ಔಟ್, ಮೊದಲಿನವನೂ ಸೇರಿ ಮೂವರು, ಆಟ ಮುಗಿಯಿತು. ಹ್ಯಾಸ್ಕೆಲ್ ಕುರ್ಚಿಯಿಂದ ಎದ್ದು ಬಲಗೈ ಮುಂದೆ ಚಾಚಿ, ಒಂದು ಕಾಲು ಬೇಸಿನ ಮೇಲಿಟ್ಟವನ ಹಾಗೆ ನಿಂತುಬಿಟ್ಟ. ಅವನಿಗೆ ಐವತ್ತೆಂಟು ವರ್ಷ. "ಹಿಂಗೇ ಬರ್ತಿತ್ತು ಕಣ್ರೋ ಅವರಿಬ್ಬರ ಚೆಂಡು, ಹಿಂಗೇ ಎದೆ ಮಟ್ಟಕ್ಕೆ" ಎಂದ.

ಆ ವರ್ಷ ನಾವು ಗೆದ್ದದ್ದು ಹೀಗೆ, ಆಲ್ಟನ್. ಹೊಡೆಯಲಾಗದ ಇಬ್ಬರು ನಡುವೆ ನಿಂತು ಯಾವುದನ್ನೂ ದಾಟಿ ಹೋಗಲು ಬಿಡಲಿಲ್ಲ. ಆರ್ಡಿತ್‌ಳ ಅಣ್ಣ ಬಂದು ಕೇಳಲಿ, ಅಲ್ಲಿರುವ ಪ್ರತಿಯೊಬ್ಬನೂ ಇದನ್ನೇ ಹೇಳುತ್ತಾನೆ. ಅವರಲ್ಲಿ ಯಾರಿಗೂ ನಿನ್ನ ಹತ್ತೊಂಬತ್ತರ ನೆನಪಿಲ್ಲ. ಭುಜ ಹಿಡಿದುಕೊಂಡು ಚೆಂಡಿನ ಮೇಲೆ ಬೀಳುತ್ತಿದ್ದ ನಿನ್ನ ನೆನಪಿದೆ.

ಆಟ ಮುಗಿದ ಮಾರನೆಯ ದಿನ ನಿನ್ನ ಅಂಚೆ ಕಾರ್ಡು ಬಂತು. ಮತ್ತೆ ಐವತ್ತಮೂರರ ಕಾರ್ಡುಗಳಿಗೇ ವಾಪಸಾದ ಸುದ್ದಿ ರೇಯಲ್ ಆಗಲೇ ನಿನಗೆ ಮುಟ್ಟಿಸಿದ್ದಾನೆ, ಬಾಯಿಬಡುಕ. "ತಮ್ಮ ಅಂತ ಒಂದೇ ಒಂದು ಹಿಟ್ಟು ಜಾಸ್ತಿ ಬರೆಯೋಕೆ ನಿನಗೆ ಆಗ್ಲಿಲ್ಲ. ನಿನಗೆ ಪ್ರೀತಿ ಅನ್ನೋದು ಏನು ಅಂತಾದ್ರೂ ಗೊತ್ತಿದ್ಯಾ ವರ್ನಾ?" ಅಷ್ಟೇ ಬರೆದಿದ್ದೀಯ. ಸಹಿ ಕೂಡ ಹಾಕಿಲ್ಲ. ಎರಡು ಸಲ ಓದಿದೆ. ನೋವಾಯಿತು, ಇಲ್ಲ ಅಂತ ಏಕೆ ಹೇಳಲಿ.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಈ ಲಕೋಟೆಯಲ್ಲಿ ಎರಡು ಕಾರ್ಡು ಇಟ್ಟಿದ್ದೇನೆ. ಒಂದು ಐವತ್ತಮೂರರದು. ಇನ್ನೊಂದು ಐವತ್ತೊಂದರದು, ನಾನೇ ಬರೆದದ್ದು, ಸರಿಯಾಗಿ ಬರೆದದ್ದು. ಎರಡರಲ್ಲಿ ಯಾವುದನ್ನು ತಂದು ಮೇಜಿನ ಮೇಲೆ ಇಟ್ಟರೂ ಯಾರೂ ತುಟಿ ಬಿಚ್ಚುವುದಿಲ್ಲ. ರೇಯಲ್‌ಗೆ ಹೇಳಿಟ್ಟಿದ್ದೇನೆ, ಬಾಯಿ ತೆರೆದರೆ ಅವನ ಕತ್ತರಿಯಿಂದಲೇ ಅವನ ಮೀಸೆ ತೆಗೆಯುತ್ತೇನೆ ಅಂತ. ಎರಡೂ ನೀನೇ. ಯಾವ ನೀನು ಬರಬೇಕು ಅನ್ನುವುದು ನಿನಗೆ ಬಿಟ್ಟದ್ದು. ಬಂದರೆ ಸಾಕು.

ಆರ್ಡಿತ್‌ಳ ಅಣ್ಣನಿಗೆ ಮಹಡಿಯ ಕೋಣೆ ಸರಿ ಮಾಡಿಟ್ಟಿದ್ದೇನೆ. ರಾತ್ರಿ ತಣ್ಣಗಿರುತ್ತದೆ, ಸ್ವೆಟರು ತರಲು ಹೇಳು. ನಿನ್ನ ಭುಜ ಚಳಿಗೆ ಹಿಡಿದುಕೊಳ್ಳದಿರಲಿ. ದೇವರು ನಿಮ್ಮ ದಾರಿಯನ್ನೂ ಆ ಹಳೆಯ ಕಾರಿನ ಟೈರನ್ನೂ ಕಾಯಲಿ.

ನಿನ್ನ ಅಕ್ಕ,
ವರ್ನಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಪ್ರಶ್ನೆಗೆ ಉತ್ತರ ಹೇಳದೆ ಕಳಿಸಲು ಆಗಲಿಲ್ಲ.

ನಾನೂ ಲೂಸಿಯನ್ನೂ ಐವತ್ತನಾಲ್ಕರ ಜೂನ್‌ನಲ್ಲಿ ಮದುವೆಯಾಗುವವರಿದ್ದೆವು. ಇದು ಅಮ್ಮನಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅವನು ಕ್ಯಾಥೊಲಿಕ್, ನಮ್ಮ ಚರ್ಚಿನವನಲ್ಲ, ಫ್ರೆಂಚ್ ಮಾತಾಡುವವರ ಮನೆಯ ಹುಡುಗ. ಅಮ್ಮನಿಗೆ ಹೇಗೆ ಹೇಳುವುದು ಅಂತ ಆ ಚಳಿಗಾಲವೆಲ್ಲ ಇಬ್ಬರೂ ಯೋಚಿಸಿದೆವು. ಮಾರ್ಚಿನಲ್ಲಿ ಕೆರೆಯ ಹಿಮ ಒಡೆಯಿತು, ಹೇಳುವ ಅಗತ್ಯವೇ ಬೀಳಲಿಲ್ಲ. ಅವನ ಮಣ್ಣಿನ ದಿನ ಅವರ ಚರ್ಚಿನ ಹಿಂದಿನ ಸಾಲಿನಲ್ಲಿ ನಿಮ್ಮೆಲ್ಲರ ಜೊತೆ ಕೂತಿದ್ದೆ, ತಂಡದ ಸ್ಕೋರ್ ಬರೆಯುವವಳಾಗಿ. ಎರಡು ವರ್ಷದ ಮೇಲೆ ಆರಿನ್‌ನನ್ನು ಮದುವೆಯಾದೆ. ಒಳ್ಳೆಯ ಮನುಷ್ಯ, ಅವನು ಬದುಕಿರುವವರೆಗೂ ಚೆನ್ನಾಗಿ ನೋಡಿಕೊಂಡ. ಅದರಲ್ಲಿ ಎರಡು ಮಾತಿಲ್ಲ.

ಈ ಜನವರಿಯಲ್ಲಿ ಲೂಸಿಯನ್‌ನ ಕಾರ್ಡು ಬರೆಯಲು ಕೂತೆ. ನೂರಕ್ಕೆ ಹದಿನೇಳು, ನಿನಗಿಂತ ಕಡಿಮೆ, ಅದೂ ಭುಜ ನೆಟ್ಟಗಿದ್ದು. ಒಂದು ಹಿಟ್ಟು ಹೆಚ್ಚಿಗೆ ಬರೆದಿದ್ದರೆ ಕೇಳುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಬರೆಯಬೇಕು ಅಂತ ಕೈ ತುಡಿಯಿತು, ಆಲ್ಟನ್. ಬರೆಯಲಿಲ್ಲ. ಬರೆದಿದ್ದರೆ ಅವನು ಯಾರೋ ಒಬ್ಬ ಒಳ್ಳೆಯ ಆಟಗಾರನಾಗಿರುತ್ತಿದ್ದ. ನನಗೆ ಬೇಕಾಗಿದ್ದದ್ದು ಲೂಸಿಯನ್.